ಕಂಡಕ್ಟರಮ್ಮ ಜಿರಾಫೆ ನೋಡಿದ ದಿನ

ಹೋದ ತಿಂಗಳು ಅಟ್ಟದ ಮೇಲಿದ್ದ ಹಳೆಯ ಬ್ಯಾಗನ್ನು ಕೆಳಗಿಳಿಸಿ ಕೊಡವುತ್ತಿದ್ದೆ. ಪಕ್ಕದ ಜೇಬಿನಿಂದ ಒಂದು ಕರ್ಚೀಫಿನ ಗಂಟು ಬಿತ್ತು. ಬಿಚ್ಚಿದರೆ ಒಣಗಿ ಕಪ್ಪಾದ ಕಿತ್ತಳೆ ಸಿಪ್ಪೆ. ಇನ್ನೇನು ವಾಸನೆ ಉಳಿದಿರುತ್ತೆ ಅಂದುಕೊಂಡೇ ಮೂಗಿನ ಹತ್ತಿರ ಹಿಡಿದೆ. ಉಳಿದಿತ್ತು, ಒಂದಿಷ್ಟು. ಅಟ್ಟದ ಏಣಿಯ ಮೇಲೆಯೇ ಕೂತುಬಿಟ್ಟೆ...

ಎಂಟು ವರ್ಷದ ಹಿಂದೆ ನಾವು ಕುಂಬಾರಕೊಪ್ಪಲಿನಲ್ಲಿ ಬಾಡಿಗೆಗಿದ್ದೆವು. ಇವರಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಹೆಂಗಸನ್ನು ಬೀದಿಯವರೆಲ್ಲ ಕಂಡಕ್ಟರಮ್ಮ ಅನ್ನುತ್ತಿದ್ದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಬಸ್ ಡ್ರೈವರ್ ಆಗಿದ್ದ ಗಂಡ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಾಗ ಅನುಕಂಪದ ಆಧಾರದ ಮೇಲೆ ಸಿಕ್ಕ ಕೆಲಸವಂತೆ ಅದು. ನಾನು ಆಂಟಿ ಅನ್ನುತ್ತಿದ್ದೆ, ಮಕ್ಕಳು ಕಂಡಕ್ಟರಜ್ಜಿ ಅನ್ನುತ್ತಿದ್ದರು. ಮೊಣಕಾಲು ನೋವು, ದೊಡ್ಡ ಗಂಟಲು. ಅವರು ತರಕಾರಿ ಗಾಡಿಯವನನ್ನು ಕೂಗಿದರೆ ಮೂರನೇ ಕ್ರಾಸಿನಲ್ಲಿದ್ದವನೂ ನಿಲ್ಲುತ್ತಿದ್ದ.

ಆ ವರ್ಷ ನಾನು ಮಕ್ಕಳನ್ನು ಕರೆದುಕೊಂಡು ಎಲ್ಲಿಗೂ ಹೋಗುತ್ತಿರಲಿಲ್ಲ. ಕಾರಣವಿತ್ತು. ಹಿಂದಿನ ಬೇಸಿಗೆ ರಜೆಯಲ್ಲಿ ಝೂಗೆ ಹೋಗಿದ್ದಾಗ, ಬಸ್ ಪ್ರಯಾಣ ಒಗ್ಗದ ಮಗಳಿಗೆ ಒಳಗೆ ಹೋದ ಮೇಲೆ ವಾಂತಿಯಾಯಿತು. ಅವಳ ಬಾಯಿ ತೊಳೆಸಿ ತಿರುಗುವಷ್ಟರಲ್ಲಿ ಮಗ ಇರಲಿಲ್ಲ. ಇಪ್ಪತ್ತು ನಿಮಿಷ. ಇವರು ಒಂದು ಕಡೆ, ನಾನು ಒಂದು ಕಡೆ ಓಡಿದೆವು. ನವಿಲಿನ ಪಂಜರದ ಹತ್ತಿರ ಯಾರೋ ಕುಟುಂಬದವರು ಅವನ ಕೈಗೆ ಬಿಸ್ಕತ್ತು ಕೊಟ್ಟು ಕೂರಿಸಿಕೊಂಡಿದ್ದರು. ಅವನು ಅಳುತ್ತಲೂ ಇರಲಿಲ್ಲ. ಆದರೆ ಆಮೇಲೆ ನನಗೆ ಜನಜಂಗುಳಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಇವರು ಭಾನುವಾರ ಹೊರಡೋಣ ಅಂದರೆ ತಲೆನೋವು ಅನ್ನುತ್ತಿದ್ದೆ. ಮಕ್ಕಳು ವರಾಂಡದ ಗ್ರಿಲ್ ಹಿಡಿದುಕೊಂಡು ಬೀದಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಕಂಡಕ್ಟರಮ್ಮ ಆ ಗ್ರಿಲ್ಲಿನ ಮುಂದೆ ಬಂದು ನಿಂತರು.

“ಏನಮ್ಮ, ಕೋಳಿ ಮುಚ್ಚಾಕ್ದಂಗೆ ಮಕ್ಕಳನ್ನ ಮುಚ್ಚಾಕ್ಬುಟ್ಟಿದ್ದೀಯಲ್ಲ?”

ನಾನು ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ.

“ಸಿಕ್ಕನಲ್ಲ?”

“ಸಿಕ್ಕ.”

“ಮತ್ತೆ? ನಾಳೆ ಹತ್ತು ಗಂಟೆಗೆ ರೆಡಿಯಾಗಿರು. ಮಕ್ಕಳಿಗೆ ಹಾಲು ಕುಡಿಸ್ಬೇಡ. ಒಂದೊಂದು ಇಡ್ಲಿ ಕೊಡು, ಸಾಕು.”

ಬೇಡ ಅನ್ನಬೇಕು ಅಂದುಕೊಂಡೆ. ಆ ಗಂಟಲಿಗೆ ಎದುರಾಡಲು ಆಗಲಿಲ್ಲ. ಮೊದಲ ದಿನ ಎರಡೇ ಸ್ಟಾಪು ಹೋಗಿ, ಇಳಿದು, ವಾಪಸ್ ಬಂದೆವು. ಮಾರನೇ ದಿನ ಸಿಟಿ ಬಸ್ ಸ್ಟ್ಯಾಂಡಿನವರೆಗೆ. ವಾರ ಕಳೆದ ಮೇಲೆ ಶ್ರೀರಂಗಪಟ್ಟಣ. ಹೋಗುವಾಗಲೆಲ್ಲ ಪಾಠ ನಡೆಯುತ್ತಿತ್ತು. ಚಕ್ರದ ಮೇಲಿನ ಸೀಟು ಬೇಡ, ಕುಲುಕಾಟಕ್ಕೆ ಹೊಟ್ಟೆ ತೊಳೆಸುತ್ತೆ. ಮಗಳ ಕೈಗೆ ಒಣ ಕಿತ್ತಳೆ ಸಿಪ್ಪೆಯ ಗಂಟು ಕೊಡು, ಮೂಸಿಕೊಂಡು ಕೂತಿರಲಿ. ಮಕ್ಕಳ ಬೆರಳು ಹಿಡಿಯಬೇಡ, ಜಾರುತ್ತೆ, ಮಣಿಕಟ್ಟು ಹಿಡಿ. ಇಳಿಯುವಾಗ ಮೊದಲು ನೀನು, ಆಮೇಲೆ ಅವರು.

ಮಕ್ಕಳಿಗೆ ಕಲಿಸಿದ್ದು ಒಂದೇ. ಅಮ್ಮ ಕಾಣದೇ ಹೋದರೆ ಬಸ್ ನಿಲ್ಲಿಸಲು ಕಂಡಕ್ಟರ್ ಕೂಗುವ ಹಾಗೆ ನಿಮಗೆ ನೀವೇ ‘ಹೋಲ್ಡಾನ್’ ಅಂದುಕೊಳ್ಳಬೇಕು, ನಿಂತ ಜಾಗದಲ್ಲೇ ನಿಂತುಬಿಡಬೇಕು. “ಮಕ್ಕಳೂ ಓಡಿ, ತಾಯೀನೂ ಓಡಿದ್ರೆ ಸಿಗೋದೆಂಗೆ? ಒಬ್ಬರು ನಿಲ್ಲಬೇಕು ಕಣಮ್ಮ,” ಅಂದಿದ್ದರು. ಮಕ್ಕಳಿಗೆ ಅದು ಆಟವಾಗಿಬಿಟ್ಟಿತು. ಮನೆಯಲ್ಲಿ ಅನ್ನ ಕಲಸುತ್ತಿರುವಾಗಲೂ ಒಬ್ಬರು ಹೋಲ್ಡಾನ್ ಅಂದರೆ ಇನ್ನೊಬ್ಬರು ತುತ್ತು ಎತ್ತಿದ ಕೈ ಹಾಗೇ ನಿಲ್ಲಿಸುತ್ತಿದ್ದರು.

ಎರಡು ತಿಂಗಳಲ್ಲಿ ನಾನು ಬೇರೆಯೇ ಹೆಂಗಸಾಗಿದ್ದೆ. ಎರಡು ಮಕ್ಕಳು, ಒಂದು ಬ್ಯಾಗು, ನೀರಿನ ಬಾಟಲು, ಎಲ್ಲ ಸಮೇತ ರಶ್ ಬಸ್ಸು ಹತ್ತುತ್ತಿದ್ದೆ. ಆಗ ಅವರು ಹೇಳಿದರು, “ಇನ್ನು ಝೂ ಒಂದು ಬಾಕಿ.”

“ಅದೊಂದು ಬೇಡ ಆಂಟಿ.”

ಅವರು ಮೊಣಕಾಲು ನೀವಿಕೊಂಡರು. ಆಮೇಲೆ, ಆ ದೊಡ್ಡ ಗಂಟಲಿಗೆ ಒಗ್ಗದಷ್ಟು ಮೆಲ್ಲಗೆ, “ನಾನೂ ನೋಡಿಲ್ಲ ಕಣಮ್ಮ,” ಅಂದರು. ಅಷ್ಟು ವರ್ಷ ಆ ಸ್ಟಾಪಿನಲ್ಲಿ “ಝೂ, ಝೂ, ಯಾರ್ರೀ ಇಳಿಯೋರು” ಅಂತ ಕೂಗಿದವರು ಗೇಟಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಇವರಿಗೆ ವಾರದ ರಜೆ ಇದ್ದ ದಿನ ಎಲ್ಲರೂ ಹೋದೆವು. ಕಂಡಕ್ಟರಮ್ಮ ಮದುವೆಗೆ ಹೊರಟವರ ಹಾಗೆ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದರು. ಗೇಟು ದಾಟುವಾಗ ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ನಿಜ. ಆದರೆ ಎರಡೂ ಮಣಿಕಟ್ಟು ನನ್ನ ಕೈಯಲ್ಲಿದ್ದವು. ಹಕ್ಕಿಗಳನ್ನು ನೋಡಿದೆವು, ಜಿರಾಫೆ ನೋಡಿದೆವು. ಮಗ ಹುಲಿ ಹುಲಿ ಅಂತ ಎಳೆಯುತ್ತಿದ್ದ. ಮುಂದೆ ಹೋಗಿ ಹುಲಿಯ ಮುಂದೆ ನಿಂತಾಗ ಮಗಳು ಕೇಳಿದಳು, “ಅಜ್ಜಿ ಎಲ್ಲಿ?”

ಅಜ್ಜಿ ಇರಲಿಲ್ಲ.

ಒಂದು ಕ್ಷಣ ಹಳೆಯ ಭಯ ವಾಪಸ್ ಬಂತು. ಇವರು ಆಗಲೇ ಓಡಲು ಹೊರಟಿದ್ದರು. ನಾನು ಅವರ ತೋಳು ಹಿಡಿದೆ. “ಓಡಬೇಡಿ. ಅವರು ಎಲ್ಲೂ ಹೋಗಿರಲ್ಲ. ಬಂದ ದಾರೀಲೇ ವಾಪಸ್ ಹೋಗೋಣ,” ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಜಿರಾಫೆಯ ಮುಂದೆ, ನಾವು ಬಿಟ್ಟುಹೋದ ಜಾಗದಲ್ಲೇ ಇದ್ದರು. ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. ಕೆನ್ನೆ ಒದ್ದೆಯಾಗಿತ್ತು. “ನೀವು ಹೋಗಿದ್ದೇ ಗೊತ್ತಾಗ್ಲಿಲ್ಲ ಕಣಮ್ಮ. ನಿಂತ್ಕಂಡ್ಬುಟ್ಟೆ...”

ಹತ್ತಿರದ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಆಗ ತಮ್ಮ ಮಗಳ ವಿಷಯ ಹೇಳಿದರು. ಕೆಲಸಕ್ಕೆ ಸೇರಿದಾಗ ಮಗುವನ್ನು ಊರಿನಲ್ಲಿ ತಮ್ಮ ತಾಯಿಯ ಹತ್ತಿರ ಬಿಟ್ಟಿದ್ದರು. ಏಳು ವರ್ಷದವಳಿದ್ದಾಗ ದಸರಾ ರಜೆಗೆ ಬಂದವಳು ಜಿರಾಫೆ ನೋಡಬೇಕು ಅಂದಳಂತೆ. ದಸರಾ ಅಂದರೆ ಕಂಡಕ್ಟರಿಗೆ ಎಲ್ಲಿಯ ರಜೆ? ಮಗಳನ್ನು ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಡ್ಯೂಟಿ ಮಾಡಿದರು. ಮುಂದಿನ ಟ್ರಿಪ್‌ನಲ್ಲಿ ಇಳಿಯೋಣ ಅಂದರು. ಅದರ ಮುಂದಿನ ಟ್ರಿಪ್‌ನಲ್ಲಿ ಅಂದರು.

“ಆರು ಟ್ರಿಪ್ಪೂ ಇಲ್ಲಿ ಬಸ್ ನಿಲ್ತು. ಊರೋರ ಮಕ್ಕಳೆಲ್ಲ ಇಳಿದ್ರು, ಹತ್ತಿದ್ರು. ಅವಳು ಕಿಟಕೀಲಿ ನೋಡ್ತಾ ಕೂತಿದ್ಲು. ಕೊನೇ ಟ್ರಿಪ್‌ನಲ್ಲಿ ಕೇಳೋದನ್ನೇ ಬುಟ್ಬುಟ್ಲು. ಆಮೇಲೆ ನನ್ನ ಏನೂ ಕೇಳ್ಲಿಲ್ಲ ಕಣಮ್ಮ, ಇವತ್ತಿಗೂ.”

ಆ ಮಗಳು ಈಗ ಮದುವೆಯಾಗಿ ಮಂಡ್ಯದಲ್ಲಿದ್ದಳು. ಹಬ್ಬಕ್ಕೊಂದು ಫೋನು, ಅದೂ ಎರಡು ಮಾತು. ಈಗಲೇ ಫೋನ್ ಮಾಡಿ ಆಂಟಿ ಅಂದೆ. “ಏನಂತ ಹೇಳ್ಲಿ?” ಅಂದರು. ನನ್ನ ಐದು ವರ್ಷದ ಮಗಳು, ಇದೇನು ಕೇಳೋ ವಿಷಯವಾ ಅನ್ನುವ ಹಾಗೆ, “ಜಿರಾಫೆ ನೋಡ್ದೆ ಅಂತ ಹೇಳಿ ಅಜ್ಜಿ,” ಅಂದಳು.

ನಮಗೆ ಈ ಕಡೆಯ ಮಾತು ಮಾತ್ರ ಕೇಳಿಸಿತು. “ನಾನು ಕಣವ್ವ... ಝೂನಲ್ಲಿವ್ನಿ... ಇಲ್ಲ, ಡ್ಯೂಟಿ ಅಲ್ಲ. ಒಳಗಡೆ.” ಆಮೇಲೆ ತುಂಬ ಹೊತ್ತು ಫೋನು ಕಿವಿಗೆ ಒತ್ತಿಕೊಂಡೇ ಕೂತಿದ್ದರು.

ಮುಂದಿನ ತಿಂಗಳು ಆ ಮಗಳು ಬಂದಳು, ಆರು ತಿಂಗಳ ಬಸುರಿ. ಹೆರಿಗೆಯಾದ ಮೇಲೆ ಕಂಡಕ್ಟರಮ್ಮ ಮನೆ ಖಾಲಿ ಮಾಡಿ ಮಂಡ್ಯಕ್ಕೆ ಹೋದರು. ಸಾಮಾನು ಹೇರಿದ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಡ್ರೈವರಿಗೆ ‘ರೈಟ್’ ಅಂದು ಗಾಡಿ ಹೊರಡಿಸಿದ್ದೂ ಅವರೇ.

ನಾವು ಆಮೇಲೆ ಎಲ್ಲೆಲ್ಲಿಗೆ ಹೋಗಲಿಲ್ಲ! ಬಂಡೀಪುರ, ತಲಕಾಡು, ಸೋಮನಾಥಪುರ, ಒಂದು ಸಲ ರೈಲಿನಲ್ಲಿ ಮಂಗಳೂರು. ಅವರು ಫೋನಿನಲ್ಲಿ “ಮಂಡ್ಯಕ್ಕೆ ಯಾವಾಗಮ್ಮ?” ಅನ್ನುತ್ತಿದ್ದರು. ಈ ರಜೆಗೆ ಬರ್ತೀವಿ ಆಂಟಿ ಅನ್ನುತ್ತಿದ್ದೆ. ಒಂದು ಗಂಟೆಯ ದಾರಿ. ಹತ್ತಿರ ತಾನೇ, ಯಾವಾಗ ಬೇಕಾದರೂ ಹೋಗಬಹುದು ಅಂತಲೇ ಹೋಗಲಿಲ್ಲ. ಆಮೇಲಾಮೇಲೆ ಫೋನೂ ಕಡಿಮೆಯಾಯಿತು...

ಹೋದ ತಿಂಗಳು, ಆ ಏಣಿಯಿಂದ ಇಳಿದವಳೇ ಅವರ ನಂಬರಿಗೆ ಮಾಡಿದೆ. ಎತ್ತಿದ್ದು ಅವರ ಮಗಳು. ಅಮ್ಮ ಹೋಗಿ ನಾಲ್ಕು ತಿಂಗಳಾಯಿತು ಅಂದಳು. ಹೃದಯದ ತೊಂದರೆ, ಎರಡೇ ದಿನ ಆಸ್ಪತ್ರೆ.

ಆ ಭಾನುವಾರವೇ ನಾಲ್ಕೂ ಜನ ಮಂಡ್ಯಕ್ಕೆ ಹೋದೆವು. ಮೊಮ್ಮಗಳಿಗೆ ಈಗ ಏಳು ವರ್ಷ. ಅಜ್ಜಿಯದೇ ಗಂಟಲು. ಬಂದ ಐದು ನಿಮಿಷಕ್ಕೆ, ನನ್ನ ಎದೆಯೆತ್ತರ ಬೆಳೆದಿರುವ ನನ್ನ ಮಗನನ್ನೇ ಗದರಿಸಿ ಚಪ್ಪಲಿ ಹೊರಗೆ ಬಿಡಿಸಿದಳು. ಕಾಫಿ ಕೊಡುತ್ತಾ ಅವಳ ತಾಯಿ ಹೇಳಿದಳು, “ಭಾನುವಾರ ಬಂದ್ರೆ ಅಮ್ಮ ಮನೇಲೇ ಇರ್ತಿರ್ಲಿಲ್ಲ ಅಕ್ಕ. ಇವಳನ್ನ ಎತ್ಕೊಂಡು ಯಾವುದಾದ್ರೂ ಬಸ್ ಹತ್ತೋರು. ಮೊದಮೊದಲು ನಂಗೆ ಹೊಟ್ಟೆಕಿಚ್ಚಾಗ್ತಿತ್ತು. ನಂಗ್ಯಾಕೆ ಇದೆಲ್ಲ ಮಾಡ್ಲಿಲ್ಲ ಅಂತ. ಆಮೇಲೆ ಒಂದಿನ ನಾನೂ ಸೀರೆ ಉಟ್ಕೊಂಡು ಹೊರಟುಬಿಟ್ಟೆ. ಅವತ್ತು ಅಮ್ಮ ಕಿಟಕಿ ಸೀಟು ನಂಗೇ ಬಿಟ್ಕೊಟ್ರು, ಮಗೂಗಲ್ಲ.”

ನಾನು ಮೊದಲೇ ಬರಬೇಕಿತ್ತು ಅಂದೆ. ಪರವಾಗಿಲ್ಲ ಬಿಡಿ ಅನ್ನುತ್ತಾಳೇನೋ ಅಂದುಕೊಂಡಿದ್ದೆ. ಅವಳು ಹಾಗೆ ಅನ್ನಲಿಲ್ಲ.

“ಬರಬೇಕಿತ್ತು ಅಕ್ಕ. ಕಾಯ್ತಿದ್ರು,” ಅಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ನಾನು ತಲೆಯಾಡಿಸಿ ಕಾಫಿ ಕುಡಿದೆ. ಒಳಗಿನ ಕೋಣೆಯಲ್ಲಿ ಮೂರೂ ಮಕ್ಕಳ ಗಲಾಟೆ ಜೋರಾಗಿತ್ತು. ನಾವಿಬ್ಬರೂ ಅವರನ್ನು ಸುಮ್ಮನಿರಿ ಅನ್ನಲಿಲ್ಲ.