ಮೂರನೆಯ ಸಾಲಿನ ತಡ

ಸಿದ್ದು, ನಮ್ಮ ಬ್ಯಾಂಡಿನ ಮೊದಲ ಹಾಡಿನಲ್ಲಿ ಡ್ರಮ್ಸ್ ಬಾರಿಸಿದ್ದು ನೀನಲ್ಲ. ಹಾಡಿನ ಕೆಳಗೆ ನಿನ್ನ ಹೆಸರಿದೆ, ಆದರೆ ಅಲ್ಲಿ ಕೇಳುವುದು ಕಂಪ್ಯೂಟರಿನೊಳಗಿನ ಸಿದ್ಧ ಡ್ರಮ್ಸ್. ನೀನು ಬಾರಿಸಿದ್ದನ್ನು ತೆಗೆದು ಅದನ್ನು ಹಾಕಿದವನು ನಾನು. ಒಂಬತ್ತು ವರ್ಷವಾಯಿತು. ಇದನ್ನು ಹೇಳಬೇಕೆಂದು ಎಷ್ಟು ಸಲ ನಿನ್ನೆದುರು ಕೂತಿದ್ದೇನೋ — ಪ್ರತಿ ಸಲವೂ ಬೆಳೆಯದೋ ಬಿಸಿಲದೋ ಮಾತಾಡಿ ಎದ್ದು ಬಂದೆ.

ಬ್ಯಾಂಡ್ ಹುಟ್ಟಿದ್ದು ಬಸ್ಸಿನಲ್ಲಿ, ನಿನಗೂ ನೆನಪಿರಬೇಕು. ನಾನು ಕಮಲಾಪುರದಲ್ಲಿ ಒಂದು ಮದುವೆಯ ವೀಡಿಯೊ ಶೂಟಿಂಗ್ ಮುಗಿಸಿ ಕಲಬುರಗಿಗೆ ಮರಳುತ್ತಿದ್ದೆ. ಕಾಲೇಜಿಗೆ ಹೊರಟ ನೀನು ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಎರಡು ಪೆನ್ನುಗಳಿಂದ ಬಾರಿಸುತ್ತಿದ್ದೆ. ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಹಳೆಯ ರೋಗ, ಗಮನಿಸುತ್ತಾ ಕೂತೆ. ಗುಂಡಿ ಬಂದು ಬಸ್ಸು ಎಗರಿದರೂ ನಿನ್ನ ತಾಳ ಮುರಿಯುತ್ತಿರಲಿಲ್ಲ. ಒಂದು ಕ್ಷಣ ನಿಂತು, ಆ ಎಗರುವಿಕೆಗೂ ಜಾಗ ಕೊಟ್ಟು, ಮುಂದೆ ಹೋಗುತ್ತಿದ್ದೆ. ಇದು ಹೇಗೆ ಸಾಧ್ಯ ಎಂದು ಕೇಳಿದ್ದೆ. ನೀನು ನಕ್ಕು, "ಬಸ್ಸೂ ನಮ್ಮ ಕೂಡ ಬಾರಸ್ತದಲ್ರೀ" ಎಂದಿದ್ದೆ. ಮೂರನೆಯವಳು ನಿನ್ನ ಕ್ಲಾಸಿನ ರುಕ್ಮಿಣಿ — ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಮನೆಯಲ್ಲಿ ಅಜ್ಜಿಯ ಜೊತೆ ಮರಾಠಿ ಅಭಂಗ ಹಾಡಿ ಬೆಳೆದವಳು. ನಾನು ಗಿಟಾರ್. ಬ್ಯಾಂಡಿಗೆ "ಹಿಂದಿನ ಸೀಟು" ಎಂದು ಹೆಸರಿಟ್ಟೆವು. ಒಂದೇ ಒಂದು ನಿಯಮ ಮಾಡಿಕೊಂಡೆವು: ಮೂವರೂ ಒಟ್ಟಿಗೆ ಕೂತು ಕೇಳದೆ ಯಾವ ಹಾಡೂ ಹೊರಗೆ ಹೋಗಬಾರದು.

ರೆಕಾರ್ಡಿಂಗಿಗೆ ಕಮಲಾಪುರದಲ್ಲಿ ನಿನ್ನ ಅಪ್ಪ ಕೆಂಪು ಬಾಳೆಯನ್ನು ಹಣ್ಣಿಗೆ ಹಾಕುತ್ತಿದ್ದ ಕೋಣೆ. ಕಿಟಕಿಯಿಲ್ಲ, ದಪ್ಪ ಗೋಡೆ, ನೆಲದ ತುಂಬಾ ಒಣಹುಲ್ಲು, ಬಾಗಿಲಿಗೆ ಗೋಣಿತಟ್ಟು. ಹಣ್ಣಾದ ಗೊನೆಗಳು ಸಂತೆಗೆ ಹೋದ ಮರುದಿನ ಮಾತ್ರ ಕೋಣೆ ನಮ್ಮದು. ನೀನು ಬಾರಿಸುವಾಗ ರುಕ್ಮಿಣಿ ಎದುರು ನಿಂತು ಹಾಡುತ್ತಿದ್ದಳು. ಅವಳ ದನಿಯನ್ನು ಆಮೇಲೆ ನನ್ನ ವೀಡಿಯೊ ಅಂಗಡಿಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡುವುದೆಂದು ಮಾತಾಗಿತ್ತು. ನಮ್ಮ ಹಾಡಿಗೂ ಬಾಳೆಹಣ್ಣಿನ ವಾಸನೆ ಹತ್ತುತ್ತದೆ ಎಂದು ಅವಳು ನಗುತ್ತಿದ್ದಳು.

ಸ್ಟೇಶನ್ ಬಜಾರದ ಆ ಅಂಗಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ನಿನಗೆ ಗೊತ್ತು. ಮದುವೆಯಲ್ಲಿ ಅಕ್ಷತೆ ಬೀಳುವಾಗ ಬ್ಯಾಂಡಿನವರು ಅಪಸ್ವರ ನುಡಿಸಿದರೆ, ಅದನ್ನು ಅಳಿಸಿ ಸಿದ್ಧ ಶಹನಾಯಿ ಅಂಟಿಸುವುದು. ಮನೆಯವರು ಕಣ್ಣೀರು ಒರೆಸಿಕೊಳ್ಳುತ್ತಾ ನೋಡುತ್ತಿದ್ದರು, ಆ ಶಹನಾಯಿ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ನಿನ್ನ ಡ್ರಮ್ಸನ್ನೂ ಅದೇ ಅಭ್ಯಾಸದ ಕಣ್ಣಿನಿಂದ ಪರದೆಯ ಮೇಲೆ ನೋಡಿದಾಗ — ರುಕ್ಮಿಣಿಯ ದನಿ ಮುಚ್ಚಿ ನಿನ್ನ ಪೆಟ್ಟುಗಳನ್ನಷ್ಟೇ ನೋಡುತ್ತಿದ್ದೆ — ಮೂರನೆಯ ಸಾಲು ಬಂದಾಗಲೆಲ್ಲ ಒಂದು ಪೆಟ್ಟು ತಾಳದ ಗೆರೆ ದಾಟಿ ತಡವಾಗಿ ಬೀಳುತ್ತಿತ್ತು. ಎಲ್ಲ ಸಲವೂ, ಅದೇ ಜಾಗದಲ್ಲಿ. ಹೊಸ ಬ್ಯಾಂಡುಗಳ ಹಾಡು ಹಾಕುವ ಒಂದು ಅಂತರ್ಜಾಲ ತಾಣದವರು ಮರುದಿನವೇ ಕಳಿಸಿ ಎಂದಿದ್ದರು. ನಿಮ್ಮಿಬ್ಬರನ್ನೂ ಕೂರಿಸಿಕೊಂಡರೆ ನೀನು ಒಪ್ಪುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೇ ಕೂರಿಸಲಿಲ್ಲ. ನಿನ್ನ ಪೆಟ್ಟುಗಳನ್ನು ಅಳಿಸಿ ಸಿದ್ಧ ಡ್ರಮ್ಸ್ ಅಂಟಿಸಿದೆ. ಊರಿನವರ ಜಾತಕವನ್ನೆಲ್ಲ ಕೆದಕುವ ನಾನು ಅಂದು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಲಿಲ್ಲ — ಈ ತಡ ಯಾಕೆ?

ಅದೇ ಮಧ್ಯಾಹ್ನ ರುಕ್ಮಿಣಿ ಅಂಗಡಿಗೆ ಬಂದು ಹಾಡಿದಳು. ನಡುವೆ ಹೆಡ್‌ಫೋನ್ ತೆಗೆದು, "ಮಲ್ಲು, ಹಾಡು ಯಾಕೋ ಓಡಾಕತ್ತದ" ಎಂದಳು. "ಹೆಡ್‌ಫೋನಿನ್ಯಾಗ ಹಂಗೇ ಕೇಳಸ್ತದ" ಎಂದೆ.

ಹಾಡು ನಾವು ಎಣಿಸದಷ್ಟು ದೂರ ಹೋಯಿತು. ಡ್ರಮ್ಸ್ ಗಡಿಯಾರದ ಹಾಗಿದೆ ಎಂದು ಗುರುತಿಲ್ಲದವರು ಬರೆದರು. ನೀನು ಮೊದಲ ಸಲ ಕೇಳಿದಾಗ ಕತ್ತು ಓರೆ ಮಾಡಿ, "ಇದು ನಾನೇ ಏನಲೇ?" ಎಂದೆ.

"ನೀನಲ್ದ ಮತ್ಯಾರು?" ಎಂದೆ ನಾನು.

ಆಮೇಲೆ ಸೊಲ್ಲಾಪುರ, ಹೈದರಾಬಾದು, ಬೆಂಗಳೂರು. ವೇದಿಕೆಯ ಮೇಲೆ ನೀನು ನಿನ್ನ ಹಾಗೆ ಬಾರಿಸುವುದನ್ನು ಬಿಟ್ಟು ರೆಕಾರ್ಡಿನ ಹಾಗೆ ಬಾರಿಸಲು ಹೆಣಗುತ್ತಿದ್ದೆ. ಆ ಬಾಳೆಯ ಕೋಣೆ ಖಾಲಿಯಿದ್ದ ದಿನವೆಲ್ಲ ಅಲ್ಲಿ ಕೂತು ಫೋನಿಗೆ ಹಾಡು ಹಾಕಿಕೊಂಡು ಅದರ ಬೆನ್ನು ಹತ್ತಿದೆ. ಮಣಿಕಟ್ಟು ಬಾತುಕೊಂಡಿತು. ಅರಿಶಿನ ಹಚ್ಚುತ್ತಿದ್ದ ನಿನ್ನ ಅವ್ವ ನನ್ನನ್ನು ನೋಡಿ, "ನಿಮ್ಮ ಹಾಡು ನನ್ನ ಮಗನ ಕೈ ತಿಂದದ ನೋಡಪಾ" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೆಲವು ದಿನಗಳ ಮೇಲೆ ನೀನು ಕೋಲುಗಳನ್ನು ಹುಲ್ಲಿನ ಮೇಲಿಟ್ಟು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ರೆಕಾರ್ಡಿನ್ಯಾಗ ಬಾರಿಸ್ದವ ನನಕಿಂತ ಛಲೋ ಅದಾನಲೇ. ಆ ಕೈ ಈಗ ನನಗ ಬರವಲ್ದು."

"ರಿಯಾಜ್ ಮಾಡು, ಬರ್ತದ" ಎಂದೆ.

ಆ ಮಾತಿಗೆ ನನ್ನಲ್ಲಿ ಕ್ಷಮೆಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ನಿನ್ನ ವಿಷಯದಲ್ಲಿ ನೆಲವೇ ಡೊಂಕಿತ್ತು, ನೀನು ನಿನ್ನ ಕಾಲನ್ನು ಬೈದುಕೊಂಡೆ. ಡ್ರಮ್ಸನ್ನು ಒಂದು ಶಾಲೆಗೆ ಕೊಟ್ಟು ತೋಟಕ್ಕೆ ಇಳಿದೆ. ನಾನೂ ರುಕ್ಮಿಣಿಯೂ ಇನ್ನೆರಡು ಹಾಡು ಮಾಡಿದೆವು, ಯಾರ ಕಿವಿಗೂ ಬೀಳಲಿಲ್ಲ, ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಹೋದ ವಾರ ಅಂಗಡಿಯ ಕಂಪ್ಯೂಟರ್ ಬದಲಿಸುವಾಗ ಹಳೆಯ ಡಿಸ್ಕಿನಲ್ಲಿ ಕಮಲಾಪುರದ ಆ ರೆಕಾರ್ಡಿಂಗ್ ಸಿಕ್ಕಿತು. ಒಂಬತ್ತು ವರ್ಷ ತಡವಾಗಿ ನನಗೆ ಕುತೂಹಲ ಹುಟ್ಟಿತು. ಈ ಸಲ ರುಕ್ಮಿಣಿಯ ದನಿ ಮುಚ್ಚದೆ ಕೇಳಿದೆ. ಮೂರನೆಯ ಸಾಲು ಉದ್ದದ್ದು. ಅದಕ್ಕೆ ಮೊದಲು ಅವಳು ಉಸಿರು ತೆಗೆದುಕೊಳ್ಳುತ್ತಾಳೆ — ಕೋಣೆಯ ಮೌನದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅಷ್ಟು ಹೊತ್ತು ನಿನ್ನ ಕೈ ನಿಲ್ಲುತ್ತದೆ. ಉಸಿರು ತುಂಬಿದ ಮೇಲೆ ಬೀಳುತ್ತದೆ. ಮತ್ತೆ ಮತ್ತೆ ಹಾಕಿ ನೋಡಿದೆ, ಎಲ್ಲ ಸಲವೂ ಹಾಗೆಯೇ. ಬಸ್ಸಿನ ಗುಂಡಿಗೆ ಜಾಗ ಕೊಟ್ಟವನು ಅವಳ ಉಸಿರಿಗೆ ಕೊಡದೆ ಇರುತ್ತಾನೆಯೇ? ನೀನು ತಪ್ಪಿರಲಿಲ್ಲ, ಸಿದ್ದು.

ರುಕ್ಮಿಣಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು, "ಆ ಸಾಲಿಗೆ ನನ್ನ ಉಸಿರು ಸಾಲವಲ್ದು ಅಂತ ತಿಳಕೊಂಡು ನಾ ಹಾಡೋದೇ ಬಿಟ್ಟೆ, ಮಲ್ಲು" ಎಂದಳು. ನಿನ್ನೊಬ್ಬನಿಗೆ ಮಾಡಿದ ಅನ್ಯಾಯ ಎಂದುಕೊಂಡಿದ್ದೆ. ಅಲ್ಲ.

ಅಂತರ್ಜಾಲದ ಹಾಡನ್ನು ತೆಗೆದು ನಿನ್ನದನ್ನು ಹಾಕಿಬಿಡಲೇ ಎಂದು ಕೈ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ — ನಿನ್ನನ್ನು ಕೇಳದೆ, ಮತ್ತೊಮ್ಮೆ?

ಸೋಮವಾರ ಬೆಳಗಿನ ಬಸ್ಸಿಗೆ ರುಕ್ಮಿಣಿಯೂ ನಾನೂ ಆ ಹಳೆಯ ರೆಕಾರ್ಡಿಂಗ್ ಹಿಡಿದು ಕಮಲಾಪುರಕ್ಕೆ ಬರುತ್ತೇವೆ. ಮೂವರೂ ಕೂತು ಕೇಳಬೇಕೆಂಬ ನಿಯಮ ಹಾಗೇ ಇದೆ. ಆಮೇಲೆ ಆ ಹಾಡನ್ನು ಏನು ಮಾಡಬೇಕೆಂದು ನೀನು ಹೇಳು. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ, ನೀವಿಬ್ಬರೇ ಕೇಳಿ. "ಇದು ನಾನೇ ಏನಲೇ?" ಎಂದು ನೀನು ಅಂದು ಕೇಳಿದ್ದೆ. ಹೌದು, ಇದು ನೀನೇ.