ನಾನು ಪಾಸು ಮಾಡಿದ ಹಗ್ಗ

೧೯೮೪ನೇ ಇಸವಿ. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕೆಲಸ ಭರದಿಂದ ನಡೆದಿತ್ತು. ಅಲ್ಲಿ ಗೋಡೆಗಳಿಗೆ ಬಣ್ಣ ಹಚ್ಚಿಸುವ ಗುತ್ತಿಗೆದಾರರೊಬ್ಬರ ಗೋದಾಮಿನಲ್ಲಿ ನಾನು ಗುಮಾಸ್ತ. ರಾಯಚೂರಿನಲ್ಲಿ ಬಿ.ಕಾಂ. ಮುಗಿಸಿದ ಹೊಸತು, ನನ್ನಷ್ಟು ಜಾಣ ಯಾರೂ ಇಲ್ಲ ಎಂಬ ಹಮ್ಮು. ಹೊರಗಿನವರಿಂದ ತರಿಸುವ ಮಾಲಿನ ತಪಾಸಣೆ ನನ್ನ ಪಾಲಿಗೆ ಬಂದಾಗ ಎರಡು ದಿನ ಕೂತು ಒಂದು ತಖ್ತೆ ಬರೆದೆ. ಯಾವ ಊರಿಗೆ ಯಾವತ್ತು ಹೋಗಬೇಕು, ಎಷ್ಟರಲ್ಲಿ ಒಂದು ತೆಗೆದು ನೋಡಬೇಕು, ಅಳತೆ ಎಷ್ಟು, ತೂಕ ಎಷ್ಟು, ಎಲ್ಲ ಅದರಲ್ಲಿತ್ತು. ಮಾಲೀಕರು ಬೆನ್ನು ತಟ್ಟಿದರು. ಉಬ್ಬಿಹೋದೆ.

ಮೊದಲ ಸರದಿ ದೇವದುರ್ಗ ತಾಲೂಕಿನ ಗಬ್ಬೂರಿನದು. ಅಲ್ಲಿ ಸಾಬಮ್ಮ ಎಂಬ ಅರವತ್ತರ ಹೆಣ್ಣುಮಗಳು ಪುಂಡಿ ಗಿಡದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಮೂವತ್ತು ಹಗ್ಗ ಸುತ್ತಿಟ್ಟಿದ್ದರು. ತಖ್ತೆಯ ಪ್ರಕಾರ ಹತ್ತರಲ್ಲಿ ಒಂದು ಎಳೆದು ಅಳೆದೆ, ತೂಗಿದೆ. ಒಂದಿಂಚು ಹೆಚ್ಚುಕಡಿಮೆ ಇಲ್ಲ. 'ಪಾಸ್' ಚೀಟಿ ಕಟ್ಟತೊಡಗಿದೆ.

"ಯಪ್ಪಾ, ಇವಕ್ಕ ಏನ್ ಕಟ್ತೀರಿ?" ಸಾಬಮ್ಮ ಸುಮ್ಮನೆ ಕೇಳಿದರು.

"ಬಣ್ಣ ಹಚ್ಚೋರ ಹಲಗಿ. ಅದರ ಮ್ಯಾಲ ಕುಂತು ಗ್ವಾಡಿಗುಂಟ ಇಳೀತಾರ."

ಅವರ ಮುಖ ಸಣ್ಣದಾಯಿತು. "ಮನ್ಷ್ಯಾರು ಕುಂದ್ರತಾರೇನು? ಮೊದ್ಲ ಹೇಳಬಾರದೇನ್ರಿ? ಗಂಟು ಕಟ್ಟಾಕ ಅಂತ ತಿಳಿದು ನಡುವ ಹಳೇ ನಾರು ಸೇರಿಸೀನಿ. ಚೀಟಿ ಬಿಚ್ಚರಿ."

ನಾನು ಬಿಚ್ಚಲಿಲ್ಲ. ನಾಲ್ಕು ದಿನದಲ್ಲಿ ಕೆಲಸ ಶುರುವಾಗಬೇಕಿತ್ತು, ಬರಿಗೈಯಲ್ಲಿ ಹೋದರೆ ನನ್ನ ನೌಕರಿಗೇ ಸಂಚಕಾರ. "ಅಳತಿ, ತೂಕ ಎಲ್ಲಾ ಸರಿ ಅದ. ಪಾಸಾಗ್ಯದ" ಎಂದೆ ಗತ್ತಿನಿಂದ.

ಅವರು ಚೀಟಿ ಕಟ್ಟಿದ ಒಂದು ಹಗ್ಗವನ್ನೇ ಎತ್ತಿ ಬೇವಿನ ಕೊಂಬೆಗೆ ಜೋಕಾಲಿ ಕಟ್ಟಿದರು. "ಬರ್ರಿ, ಪಾಸ್ ಮಾಡಿದವರು ನೀವ. ನೀವ ಕುಂದರ್ರಿ."

ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು, ಮರ್ಯಾದೆಯ ಪ್ರಶ್ನೆ. ಕೂತೆ. ನಾಲ್ಕು ಸಲ ಜೀಕಿದರೂ ಏನೂ ಆಗಲಿಲ್ಲ. "ನೋಡಿದ್ರೇನು?" ಎನ್ನುವಷ್ಟರಲ್ಲಿ ಹಗ್ಗ ಪಟ್ಟನೆ ಹರಿದು, ನಾನು ನೆಲದ ಮೇಲಿದ್ದೆ.

ಎಲ್ಲರೂ ನಕ್ಕರು. ಸಾಬಮ್ಮ ಮಾತ್ರ ಓಡಿಬಂದು ಎಬ್ಬಿಸಿ, ಧೂಳು ಕೊಡವಿ, ಜೋಳದ ರೊಟ್ಟಿ ಪುಂಡಿಪಲ್ಯ ಬಡಿಸಿದರು. ಒಂದು ಮಗ್ಗುಲಿಗೆ ವಾಲಿಕೊಂಡೇ ಉಂಡೆ. ಹೊಸ ನಾರಿನಲ್ಲಿ ಮೂರೆಳೆ ಹಾಕಿ ಹೊಸೆಯಲು ಹದಿನೈದು ದಿನ ಬೇಕೆಂದರು. ನಾನು ಒಪ್ಪಿ ಬರಿಗೈಯಲ್ಲೇ ಹಿಂತಿರುಗಿದೆ. ಮಾಲೀಕರಿಂದ ಹೊಟ್ಟೆ ತುಂಬ ಬೈಸಿಕೊಂಡೆ, ನೌಕರಿ ಹೇಗೋ ಉಳಿಯಿತು. ಆಮೇಲೆ ಮಾಲು ಮಾಡುವವರಿಗೆ ಬರೆಯುವ ಪ್ರತಿ ಕಾಗದದಲ್ಲೂ ಅದು ಯಾತಕ್ಕೆ ಬೇಕೆಂಬುದನ್ನೇ ಮೊದಲು ಬರೆಯುತ್ತಿದ್ದೆ.

ಹೊಸ ಹಗ್ಗ ಬಂದಾಗ ಒಂದನ್ನೂ ಬಿಡದೆ ನಾನೇ ಜೋತುಬಿದ್ದು ನೋಡಿದೆ. ಮರುದಿನ ಮೊದಲು ಹಲಗೆ ಹತ್ತಿದವನು ಪೋತ್ನಾಳದ ಒಬ್ಬ ಬಣ್ಣದವನು. ಕೆಳಗೆ ನಿಂತು ನಾನು ಹಗ್ಗವನ್ನೇ ನೋಡುತ್ತಿದ್ದೆ. ಅವನು ಹಗ್ಗದ ಕಡೆ ಕಣ್ಣೆತ್ತಿಯೂ ನೋಡದೆ, ಬೀಡಿ ಹಚ್ಚಿಕೊಂಡು ಆರಾಮಾಗಿ ಕೂತುಬಿಟ್ಟ. ನೋಡಬೇಕಾದವರು ನೋಡಿರುತ್ತಾರೆ ಎಂದು ಅವನು ನಂಬಿದ್ದ. ಅಂದು ಆ ತಾಯಿ ಕೇಳದೇ ಹೋಗಿದ್ದರೆ ಅವನು ನಂಬಿ ಕೂರುತ್ತಿದ್ದದ್ದು ನಾನು ಮೊದಲು ಪಾಸು ಮಾಡಿದ ಹಗ್ಗವನ್ನೇ.