ಗಂಗಾಕಾಕುವಿನ ಶಾವಿಗೆ ಬಿಸಿಲು

ಅಂಗಾಲು ಚುರ್ ಅಂದರೆ ಗಂಗಾಕಾಕುವಿಗೆ ಹಬ್ಬ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಾಯಿಗಳೂ ನೆರಳು ಬಿಟ್ಟು ಏಳದಿರುವಾಗ, ಪಕ್ಕದ ಮನೆಯ ಈ ಹೆಂಗಸು ಬರಿಗಾಲಲ್ಲಿ ಮಾಳಿಗೆ ಹತ್ತಿ ಫರಸಿ ಕಲ್ಲಿನ ಮೇಲೆ ಪಾದ ಊರುತ್ತಿದ್ದಳು. ಸುಟ್ಟ ಕೂಡಲೇ ಒಂದೊಂದೇ ಕಾಲೆತ್ತಿ ಕುಣಿಯುತ್ತ, ಅಲ್ಲಿಂದಲೇ ನಮ್ಮ ಅವ್ವನನ್ನು ಕೂಗುತ್ತಿದ್ದಳು: “ಅಕ್ಕಾ, ಬಿಸಿಲು ಹದಕ್ಕ ಬಂದದ. ನಾಳಿ ಶಾವಿಗಿಗಿ ಕೂಡೂಣ್ರಿ.”

ಹಾಗಂತ ಆಕೆಗೆ ಬಿಸಿಲು ತಡೆಯುತ್ತಿತ್ತು ಅಂದುಕೊಳ್ಳಬೇಡಿ. ಅಯ್ಯೋ, ಓಣಿಗೆಲ್ಲ ದೊಡ್ಡ ಮೈ ಆಕೆಯದು! ಕುತ್ತಿಗೆ ತುಂಬ ಬೆವರುಸಾಲೆ, ತಲೆಯ ಮೇಲೆ ಸದಾ ಒದ್ದೆ ಟವೆಲ್. ಮನೆಗೆಲಸ ಮುಗಿದದ್ದೇ ನೀರಿನ ಮಡಕೆಗೆ ಬೆನ್ನು ಹಚ್ಚಿ ಕುಳಿತುಬಿಡುತ್ತಿದ್ದಳು. ಕರೆಂಟು ಹೋಯಿತೋ, ಕರೆಂಟಿನವರ ಮನೆತನವನ್ನೆಲ್ಲ ಜಾಲಾಡುತ್ತಿದ್ದಳು. ಮಾವಿನಹಣ್ಣಿನ ಸೀಕರಣಿಯನ್ನು ಬಟ್ಟಲುಗಟ್ಟಲೆ ಕುಡಿದು, ಮರುದಿನ ಮೈಮೇಲೆ ಗುಳ್ಳೆ ಎದ್ದರೆ ಬೈಗುಳವೆಲ್ಲ ಸೂರ್ಯನಿಗೆ. ಮಾವಿನಹಣ್ಣಿಗೆ ಒಂದು ಮಾತೂ ಇಲ್ಲ. ಇಷ್ಟೆಲ್ಲ ಬೈದ ಬಿಸಿಲನ್ನೇ ವರ್ಷವಿಡೀ ಕಾಯುತ್ತಿದ್ದಳು.

ಶಾವಿಗೆಯ ದಿನ ನಸುಕಿಗೇ ಹೆಂಗಸರೆಲ್ಲ ಮಾಳಿಗೆಯ ಮೇಲೆ. ನಡುವೆ ಗಂಗಾಕಾಕು ಮಣೆ ಹಾಕಿಕೊಂಡು ಕೂತು, ನಾದಿದ ಹಿಟ್ಟನ್ನು ಅಂಗೈಯಿಂದ ಹೊಸೆಯುತ್ತ ಎಳೆದಳೆಂದರೆ ದಾರದಂಥ ಎಳೆ ನಿಲ್ಲದೆ ಇಳಿಯುತ್ತಿತ್ತು. ನಾವು ಹುಡುಗಿಯರು ಅದನ್ನು ಬಿದಿರು ಗಳಗಳ ಮೇಲೆ ಇಳಿಬಿಡಬೇಕು. ಬೆವರು ಎಳೆಯ ಮೇಲೆ ಬಿದ್ದೀತೆಂದು ಆಕೆ ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಯಾರಾದರೂ ‘ಉಸ್ಸಪ್ಪಾ’ ಅಂದರೆ, ಬಿಸಿಲಿಗೆ ಸಿಟ್ಟು ಬಂದು ಹೋಗಿಬಿಟ್ಟರೆ ನೀನು ಕರಕೊಂಡು ಬರ್ತೀಯೇನು ಎಂದು ಗದರುತ್ತಿದ್ದಳು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಅಕ್ಕ ಸುನಂದಾಳ ಮದುವೆ ಹುಮನಾಬಾದಿನ ಮನೆಯೊಂದಕ್ಕೆ ಗೊತ್ತಾಯಿತು. ಮದುಮಗಳ ಸಂಗಡ ತವರಿನ ಶಾವಿಗೆ ಬುಟ್ಟಿ ಹೋಗಬೇಕು. ಬೀಗರ ಹೆಂಗಸರು ಅದನ್ನು ಬೆಳಕಿಗೆ ಹಿಡಿದು ನೋಡಿ, ಪಾಯಸ ಮಾಡಿ ಉಂಡು, ಹುಡುಗಿಯ ತವರಿನ ಕೈ ಎಂಥದೆಂದು ಅಲ್ಲೇ ಹೇಳಿಬಿಡುತ್ತಾರೆ. ಅಕ್ಕನ ಅತ್ತೆ ಶಾಂತಾಬಾಯಿ ಊಟದ ವಿಷಯದಲ್ಲಿ ಬಲು ಕಟ್ಟುನಿಟ್ಟು ಅಂತ ಕೇಳಿ ಅವ್ವನ ಜೀವ ಅರ್ಧವಾಗಿತ್ತು. ಬುಟ್ಟಿಯ ಜವಾಬ್ದಾರಿಯನ್ನು ಗಂಗಾಕಾಕು ತಾನೇ ಹೊತ್ತಳು.

ಮದುವೆಗೆ ಇನ್ನೇನು ಎರಡು ದಿನ. ಗಳಗಳ ಮೇಲೆ ಶಾವಿಗೆ ತೂಗುತ್ತಿತ್ತು. ಮಧ್ಯಾಹ್ನ ಗೋರ್ಟಾ ಕಡೆಯಿಂದ ಕರಿಮೋಡ ಎದ್ದು ತಂಪು ಗಾಳಿ ಬಂತು ನೋಡಿ, ಇಡೀ ಓಣಿ ಹೊರಗೆ ಬಂದು ಮುಖ ಒಡ್ಡಿ ನಿಂತಿತು! ನಾನೂ ನಿಂತೆ, ಸುಳ್ಳೇಕೆ ಹೇಳಲಿ. ಗಂಗಾಕಾಕು ಮಾತ್ರ ಲಬೋ ಲಬೋ ಎನ್ನುತ್ತ ಮೆಟ್ಟಿಲು ಹತ್ತಿದಳು. ನಾವು ಎದ್ದೆವೋ ಬಿದ್ದೆವೋ ಅಂತ ಹಿಂದೆ ಓಡಿದೆವು. ಗಳ ಹಿಡಿದು ಇಳಿಯುವಷ್ಟರಲ್ಲಿ ದಪ್ಪ ಹನಿ ಬಿದ್ದೇಬಿಟ್ಟವು. ಅರ್ಧ ಒಣಗಿದ ಶಾವಿಗೆ ಮೆತ್ತಗಾಗಿ ಜೋತುಬಿತ್ತು. ಅವ್ವ ಗೋಡೆಗೆ ಒರಗಿ ಅಳತೊಡಗಿದಳು.

ಗಂಗಾಕಾಕು ಗಳಗಳಿಗೆಲ್ಲ ಸೀರೆ ಹೊದಿಸಿ, ಮೆರವಣಿಗೆಯಂತೆ ನಮ್ಮನ್ನು ಹಿಂದಿನ ಗಲ್ಲಿಯ ಮಹಬೂಬ್ ಚಾಚಾನ ಚುರುಮುರಿ ಭಟ್ಟಿಗೆ ನಡೆಸಿದಳು. ಹೊಟ್ಟು ಉರಿಸಿ, ಕಾದ ಮರಳಲ್ಲಿ ಮಂಡಕ್ಕಿ ಹುರಿಯುವ ಜಾಗ ಅದು. ಚಾಚಾ ಒಂದು ಮಾತೂ ಕೇಳದೆ ಸೂರಿನ ಕೆಳಗೆ ಹಗ್ಗ ಕಟ್ಟಿದ. ಸಂಜೆತನಕ ಆಕೆ ಕಣ್ಣು ಒರೆಸಿಕೊಳ್ಳುತ್ತ ಒಳಗೇ ಕೂತು ಎಳೆ ತಿರುವಿದಳು. ಶಾವಿಗೆ ಗರಿಗರಿಯಾಗಿ ಒಣಗಿತು, ಆದರೆ ಬಣ್ಣ ಕೆಂಪಗಾಗಿ ಮೈತುಂಬ ಹೊಗೆಯ ವಾಸನೆ ಹಿಡಿದಿತ್ತು.

ಹುಮನಾಬಾದಿನಲ್ಲಿ ಬುಟ್ಟಿ ಬಿಚ್ಚಿದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ಶಾಂತಾಬಾಯಿ ಪಾಯಸ ಬಾಯಿಗಿಟ್ಟರು. ಅಕ್ಕ ತಲೆ ಎತ್ತಲಿಲ್ಲ. “ಛಂದ ಅದ,” ಅಂದರು ಅತ್ತೆ. “ಇಂಥಾ ಘಮ ನಮ್ಮ ಕಡಿ ಶಾವಿಗಿಗಿ ಇಲ್ಲ. ವರ್ಷಾ ಇಂಥವೇ ಕಳಸ್ರಿ.” ಸುದ್ದಿ ಕೇಳಿ ಗಂಗಾಕಾಕು ನಕ್ಕಿದ್ದೇನು, ಓಣಿಗೆಲ್ಲ ಬೆಲ್ಲ ಹಂಚಿದ್ದೇನು!

ಅಲ್ಲಿಂದ ಶುರುವಾಯಿತು ಫಜೀತಿ. ಪ್ರತಿ ಬೇಸಿಗೆಯೂ ಎಲ್ಲರ ಶಾವಿಗೆ ಬಿಸಿಲಲ್ಲಿ, ಸುನಂದಕ್ಕನ ಪಾಲಿನದು ಮಾತ್ರ ಭಟ್ಟಿಯಲ್ಲಿ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಖರೇ ಕೆಂಡ. ಒದ್ದೆ ಟವೆಲ್ ಹೊದ್ದು ಕೂತ ಆಕೆಯನ್ನು ನೋಡಲಾರದೆ ಚಾಚಾ ಒಮ್ಮೆ, “ಗಂಗಾಬಾಯಿ, ಹೊರಗ ಇಷ್ಟ್ ಧೂಪ್, ಇಷ್ಟ್ ಬಿಸಿಲು ಅದ, ಇಲ್ಲಿ ಯಾಕ ಬೇಯಾಕತ್ತೀರಿ?” ಎಂದ. “ಬೀಗತಿ ಬಾಯಿ ಬಿಟ್ಟು ಕೇಳ್ಯಾಳ ಚಾಚಾ. ಹುಡುಗಿ ಮಾನದ ಮಾತು,” ಅಂದಳು ಆಕೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಮೇ ತಿಂಗಳು ನಾನು ಬುಟ್ಟಿ ಕೊಡಲು ಹುಮನಾಬಾದಿಗೆ ಹೋಗಿದ್ದೆ. ಶಾಂತಾಬಾಯಿಗೆ ವಯಸ್ಸಾಗಿತ್ತು. ಬುಟ್ಟಿಯನ್ನು ನೋಡಿ ನಿಟ್ಟುಸಿರು ಬಿಟ್ಟು, ಅಕ್ಕ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

“ಖರೇ ಹೇಳ್ತೀನವ್ವಾ, ಈ ಹೊಗಿ ನನಗ ಮೊದಲಿಂದ ಸೇರಂಗಿಲ್ಲ. ಅವತ್ತು ನಿಮ್ಮಕ್ಕನ ಮಾರಿ ಸಣ್ಣಾಗಿತ್ತು. ಮಂದ್ಯಾಗ ಹುಡುಗಿ ಅಳಬಾರದಂತ ಛಂದ ಅದ ಅಂದೆ. ವರ್ಷಾ ಬರಾಕತ್ತರ ಹ್ಯಾಂಗ ಬ್ಯಾಡ ಅನ್ಲಿ?”

ನಾನು ಊಟಕ್ಕೂ ನಿಲ್ಲಲಿಲ್ಲ. ಸುಡುವ ಸೀಟಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕಲ್ಯಾಣಕ್ಕೆ ಬಂದು ನೇರ ಗಂಗಾಕಾಕುವಿನ ಮನೆಗೆ ನುಗ್ಗಿದೆ. ಮಡಕೆಗೆ ಬೆನ್ನು ಹಚ್ಚಿ ಕೂತಿದ್ದವಳು ಎಲ್ಲ ಕೇಳಿ ಬಾಯಿ ತೆರೆದು ನೋಡಿದಳು. ಆಮೇಲೆ ಶುರುವಾದ ನಗು ನಿಲ್ಲಲೊಲ್ಲದು, ತಲೆಯ ಟವೆಲ್ ಕೆಳಗೆ ಬಿತ್ತು, ಕಣ್ಣಲ್ಲಿ ನೀರು ಬಂತು.

“ಅಲ್ಲಿ ಆಕಿ ಬೆಂದಳು, ಇಲ್ಲಿ ನಾ ಬೆಂದೆ,” ಅಂದಳು. “ಮುಂದಿನ ಬ್ಯಾಸಗಿಗಿ ಖರೇ ಬಿಸಿಲಿನ ಶಾವಿಗಿ ಕಳಸೂಣು. ನನ್ನ ಕೈ ಎಂಥಾದ್ದಂತ ಆಕಿ ಒಮ್ಮೆ ನೋಡ್ಲಿ.”

ಆ ಬೇಸಿಗೆ ಆಕೆಗೆ ದಕ್ಕಲಿಲ್ಲ. ಆಕೆ ಒಂದು ದಿನವೂ ಬೈಯದ ಚಳಿಗಾಲವೇ ಆಕೆಯನ್ನು ಕರೆದುಕೊಂಡು ಹೋಯಿತು. ನನಗೆ ಚಳಿಗಾಲದ ಮೇಲೆ ಇವತ್ತಿಗೂ ಸಿಟ್ಟಿದೆ.

ಏಪ್ರಿಲ್ ಬಂದಾಗ ನಾನೇ ಬರಿಗಾಲಲ್ಲಿ ಮಾಳಿಗೆ ಹತ್ತಿದೆ. ಅಂಗಾಲು ಚುರ್ ಅಂದಿತು. ಆಕೆಯ ಮಣೆಯ ಮೇಲೆಯೇ ಅವ್ವ ಹೊಸೆದಳು, ಆಕೆ ಕಲಿಸಿದ ಹಾಗೆಯೇ ನಾನು ಒಣಗಿಸಿದೆ. ಮಲ್ಲಿಗೆಯಂಥ ಬಿಳಿ ಶಾವಿಗೆ. ಹುಮನಾಬಾದಿನಲ್ಲಿ, ಗಂಗಾಕಾಕು ಹೋದದ್ದನ್ನೂ ಚಾಚಾನ ಭಟ್ಟಿಯ ಕತೆಯನ್ನೂ ಅಕ್ಕನಿಂದ ಕೇಳಿದ್ದ ಶಾಂತಾಬಾಯಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು. ಮತ್ತೊಮ್ಮೆ ಮೂಸಿದರು. ಕಣ್ಣು ಒರೆಸಿಕೊಂಡು ಹಿಡಿಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದರು.

“ಆ ಚಾಚಾನ ಭಟ್ಟಿ ಇನ್ನಾ ಅದ ಏನವ್ವಾ?” ಎಂದು ಕೇಳಿದರು.